ಬ್ಯಾಂಡ್ ಬಿಟ್ಟು ಮಾಡಿದ ಆಲ್ಬಮ್ ಕಲಸುಮೇಲೋಗರ ಆಗದಿರಲು ಏನು ಮಾಡಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಹತ್ತು ವರ್ಷದಿಂದ ಒಂದು ರಾಕ್ ಬ್ಯಾಂಡಿನಲ್ಲಿ ಮುಖ್ಯ ಹಾಡುಗಾರ, ಕೀಬೋರ್ಡನ್ನೂ ನುಡಿಸುತ್ತೇನೆ. ಈಗ ಬ್ಯಾಂಡ್ ಬಿಟ್ಟು ನನ್ನದೇ ಒಂದು ಕನ್ನಡ ಪಾಪ್ ಆಲ್ಬಮ್ ಮಾಡಬೇಕು ಅಂತಿದ್ದೇನೆ. ಮನೆಯಲ್ಲಿ ಕೇಳುತ್ತಾ ಬೆಳೆದ ಹಿಂದೂಸ್ತಾನಿ, ಊರ ಡೊಳ್ಳು, ಫಂಕ್, ಎಲೆಕ್ಟ್ರಾನಿಕ್ ಎಲ್ಲವೂ ಅದರಲ್ಲಿ ಬೇಕು. ಗೆಳೆಯರು 'ಕಲಸುಮೇಲೋಗರ ಆಗುತ್ತೆ ನೋಡು' ಅಂತಾರೆ. ಒಬ್ಬರು ಇಂಗ್ಲೆಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್ ಅವರ 1986ರ ಆಲ್ಬಮ್ 'ಸೋ' ಕೇಳು ಎಂದರು. ಕೇಳಿದೆ. ಅದರಲ್ಲಿ ಅಮೆರಿಕದ ಸೋಲ್ ಸಂಗೀತ ಇದೆ, ಆಫ್ರಿಕಾ ಇದೆ, ಬ್ರೆಜಿಲ್ ಇದೆ. ಆದರೂ ಎಲ್ಲ ಒಂದೇ ಮನೆಯ ಹಾಡುಗಳ ಹಾಗೆ ಕೇಳಿಸುತ್ತವೆ. ಇದು ಹೇಗೆ ಸಾಧ್ಯವಾಯಿತು? ನಾನು ಅದರಿಂದ ಏನು ಕಲಿಯಬಹುದು? ಇನ್ನೊಂದು, ಬ್ಯಾಂಡ್ ಬಿಟ್ಟರೆ ಗೆಳೆತನವೂ ಹೋಗುತ್ತದೆಯೇ ಎಂಬ ಭಯ ಇದೆ.

ಉತ್ತರ: 'ಒಂದೇ ಮನೆಯ ಹಾಡುಗಳ ಹಾಗೆ' ಎಂದಿರಲ್ಲ, ಅದರಲ್ಲೇ ಅರ್ಧ ಉತ್ತರ ಇದೆ. ಅವು ನಿಜಕ್ಕೂ ಒಂದೇ ಮನೆಯಲ್ಲಿ ಬೆಳೆದ ಹಾಡುಗಳು. ಇಂಗ್ಲೆಂಡಿನ ಬಾತ್ ಪಟ್ಟಣದ ಹತ್ತಿರ ಆಶ್‌ಕೂಮ್ ಹೌಸ್ ಅಂತ ಒಂದು ಹಳ್ಳಿಮನೆ ಇದೆ. ಗೇಬ್ರಿಯಲ್ ಅಲ್ಲಿಯ ದನದ ಕೊಟ್ಟಿಗೆಯನ್ನು ಸ್ಟುಡಿಯೋ ಮಾಡಿಕೊಂಡಿದ್ದರು. 1985ರಲ್ಲಿ ಶುರುವಾದ ಕೆಲಸ 1986ರ ಮೊದಲ ತಿಂಗಳುಗಳವರೆಗೆ ನಡೆಯಿತು. ಮೊದಮೊದಲು ಅಲ್ಲಿ ದಿನಾ ಕೂರುತ್ತಿದ್ದವರು ಮೂರೇ ಜನ. ಗೇಬ್ರಿಯಲ್, ಗಿಟಾರಿನ ಡೇವಿಡ್ ರೋಡ್ಸ್, ಮತ್ತು ಕೆನಡಾದಿಂದ ಬಂದಿದ್ದ ಪ್ರೊಡ್ಯೂಸರ್ ಡ್ಯಾನಿಯಲ್ ಲನ್ವಾ. ಮೂವರೂ ಕಟ್ಟಡ ಕಟ್ಟುವವರ ಹಳದಿ ಹೆಲ್ಮೆಟ್ ಹಾಕಿಕೊಂಡು ಕೆಲಸಕ್ಕೆ ಕೂರುತ್ತಿದ್ದರಂತೆ. ಬೆಳಿಗ್ಗೆ ಬಂದು, ಹೆಲ್ಮೆಟ್ ಹಾಕಿ, ಸಂಜೆತನಕ ದುಡಿಮೆ. ಉಳಿದವರೆಲ್ಲ ಆಮೇಲೆ ಈ ಮೂವರ ಮನೆಗೆ ಬಂದು ಹೋದ ನೆಂಟರು.

ನಾನು ಬಹಳ ವರ್ಷ ಸ್ಟುಡಿಯೋದಲ್ಲಿ ಮಿಕ್ಸಿಂಗ್, ಅಂದರೆ ಬೇರೆ ಬೇರೆ ಮುದ್ರಿಸಿದ ದನಿಗಳನ್ನು ಹದವಾಗಿ ಬೆರೆಸುವ ಕೆಲಸ ಮಾಡಿದವನು. ನೀವು ಕೇಳಿದ ಪ್ರಶ್ನೆ ನನ್ನನ್ನೂ ತುಂಬಾ ದಿನ ಕಾಡಿದೆ. ಸುಮಾರು ಹದಿನೈದು ವರ್ಷದ ಹಿಂದೆ ಒಬ್ಬ ಹಾಡುಗಾರರ ಆಲ್ಬಮ್ ನನ್ನ ಕೈಗೆ ಬಂತು. ಒಂಬತ್ತು ಹಾಡು. ಒಂದಕ್ಕೆ ಒಬ್ಬರ ಪ್ರೋಗ್ರಾಮಿಂಗ್, ಇನ್ನೊಂದಕ್ಕೆ ಇನ್ನೊಬ್ಬರದು. ಡ್ರಮ್ಸ್ ಒಂದೊಂದು ಕಡೆ ಒಂದೊಂದು ಥರ. ಒಂದರಲ್ಲಿ ಸಾರಂಗಿ, ಒಂದರಲ್ಲಿ ರೆಗೆ, ಒಂದರಲ್ಲಿ ರ‍್ಯಾಪ್. ಒಂದೊಂದಾಗಿ ಕೇಳಿದರೆ ಯಾವ ಹಾಡೂ ಕೆಟ್ಟದಾಗಿರಲಿಲ್ಲ. ಸಾಲಾಗಿ ಕೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕಪಕ್ಕದ ಅಂಗಡಿಗಳ ರೇಡಿಯೋ ಕೇಳಿದ ಹಾಗಿತ್ತು. ಮಿಕ್ಸಿಂಗಿನಲ್ಲಿ ಸರಿ ಮಾಡಬಹುದು ಅಂತ ಅವರಿಗೆ ಹೇಳಿದ್ದೆ. ಆಗಲಿಲ್ಲ. ತಪ್ಪು ನನ್ನದು, ಅದು ಮಿಕ್ಸಿಂಗಿನಲ್ಲಿ ಸರಿಹೋಗುವ ವಿಷಯವೇ ಅಲ್ಲ. ಆಗ ನಾನು 'ಸೋ'ವನ್ನು ಮತ್ತೆ ಮೊದಲಿನಿಂದ, ಯಾವ ಹಾಡಿನಲ್ಲಿ ಯಾರು ನುಡಿಸಿದ್ದಾರೆ ಎಂದು ಬರೆದುಕೊಳ್ಳುತ್ತಾ ಕೇಳಿದೆ. ನಿಮಗೆ ಹೇಳುತ್ತಿರುವುದು ಆಗ ತಿಳಿದದ್ದು.

ಮೊದಲು ಈ ಮನುಷ್ಯ ಎಲ್ಲಿಂದ ಬಂದರು ಅಂತ ನೋಡೋಣ. ಜೆನೆಸಿಸ್ ಬ್ಯಾಂಡ್ 1967ರಲ್ಲಿ ಇಂಗ್ಲೆಂಡಿನ ಚಾರ್ಟರ್‌ಹೌಸ್ ಶಾಲೆಯ ಹುಡುಗರು ಕಟ್ಟಿದ್ದು. ಇಪ್ಪತ್ತು ನಿಮಿಷದ ಹಾಡುಗಳು, ಕಥೆಗಳು, ತಿರುವುಮುರುವು ತಾಳಗಳು. ಗೇಬ್ರಿಯಲ್ ಅದರ ಮುಂದಾಳು. 1972ರಲ್ಲಿ ಡಬ್ಲಿನ್ನಿನ ಒಂದು ಕಾರ್ಯಕ್ರಮದಲ್ಲಿ ಹೆಂಡತಿಯ ಕೆಂಪು ಉಡುಪು ತೊಟ್ಟು, ತಲೆಗೆ ನರಿಯ ಮುಖವಾಡ ಹಾಕಿಕೊಂಡು ಸ್ಟೇಜಿಗೆ ಬಂದುಬಿಟ್ಟರು. ಜೊತೆಯವರಿಗೂ ಹೇಳಿರಲಿಲ್ಲ. ಅಲ್ಲಿಂದ ಮುಂದೆ ವೇಷದ ಮೇಲೆ ವೇಷ. ಒಂದು ಸಲ ಹೂವಿನ ದಳಗಳ ನಡುವೆ ಮುಖ, ಒಂದು ಸಲ ಮುದುಕನ ಮುಖವಾಡ. ಯಕ್ಷಗಾನದ ಬಣ್ಣದ ವೇಷ ನೋಡುತ್ತಾ ಬೆಳೆದ ನಮ್ಮ ಕರಾವಳಿಯವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

1975ರಲ್ಲಿ ಅವರು ಬ್ಯಾಂಡ್ ಬಿಟ್ಟರು. ಎಲ್ಲರೂ ಜೆನೆಸಿಸ್ ಮುಗಿಯಿತು ಅಂದುಕೊಂಡರು. ಡ್ರಮ್ಸ್ ಬಾರಿಸುತ್ತಿದ್ದ ಫಿಲ್ ಕಾಲಿನ್ಸ್ ಮೈಕ್ ಹಿಡಿದರು, ಬ್ಯಾಂಡ್ ಮೊದಲಿಗಿಂತ ದೊಡ್ಡದಾಯಿತು. ಗೇಬ್ರಿಯಲ್ ಬಿಟ್ಟುಬಂದದ್ದರ ಬಗ್ಗೆಯೇ ಒಂದು ಹಾಡು ಬರೆದರು. ಬಾತ್ ಹತ್ತಿರದ 'ಸಾಲ್ಸ್‌ಬರಿ ಹಿಲ್' ಎಂಬ ಗುಡ್ಡದ ಹೆಸರು ಅದಕ್ಕೆ. 1977ರಲ್ಲಿ ಬಂತು. ಅದನ್ನೊಮ್ಮೆ ತೊಡೆ ತಟ್ಟಿಕೊಂಡು ಎಣಿಸಿ ನೋಡಿ. ಏಳು ಮಾತ್ರೆ. ನಮ್ಮ ಮಿಶ್ರಛಾಪುವಿನ ಲೆಕ್ಕ. ಆದರೂ ಎಷ್ಟು ಹಗುರವಾಗಿ ನಡೆಯುತ್ತದೆ ಅಂದರೆ, ಏಳು ಎಂದು ಕೇಳುವವರಿಗೆ ಗೊತ್ತೇ ಆಗುವುದಿಲ್ಲ.

ಮುಂದಿನ ಮಾತು ನಿಮಗೆ ಮುಖ್ಯ. 1977, 1978, 1980, 1982. ಈ ನಾಲ್ಕು ವರ್ಷ ಬಂದ ನಾಲ್ಕು ಸೋಲೋ ಆಲ್ಬಮ್‌ಗಳಿಗೂ ಒಂದೇ ಹೆಸರು, 'ಪೀಟರ್ ಗೇಬ್ರಿಯಲ್'. ಪತ್ರಿಕೆಯ ಸಂಚಿಕೆಗಳ ಹಾಗೆ. ನಾಲ್ಕರ ಮುಖಪುಟದಲ್ಲೂ ಅವರ ಮುಖ ಇದೆ, ಒಂದರಲ್ಲೂ ಸರಿಯಾಗಿ ಕಾಣುವುದಿಲ್ಲ. ಮಳೆನೀರು ಹನಿಸಿದ ಕಾರಿನ ಗಾಜಿನ ಹಿಂದೆ ಒಂದು. ಉಗುರಿನಿಂದ ಚಿತ್ರವನ್ನೇ ಹರಿಯುತ್ತಿರುವುದು ಇನ್ನೊಂದು. ಮೇಣದ ಹಾಗೆ ಕರಗುತ್ತಿರುವ ಮುಖ ಮೂರನೆಯದು. ಸೊಟ್ಟಂಬಟ್ಟ ವಿಡಿಯೋ ಚಿತ್ರ ನಾಲ್ಕನೆಯದು. ವೇಷ ಬಿಟ್ಟೆ ಎಂದರೂ ಮುಖ ತೋರಿಸಲು ಹತ್ತು ವರ್ಷ ಬೇಕಾಯಿತು. 'ಸೋ' ಮುಖಪುಟ ನೋಡಿ. ಮೂವತ್ತಾರು ವರ್ಷದ ಒಬ್ಬ ಮನುಷ್ಯ ಸುಮ್ನೆ ಕ್ಯಾಮೆರಾ ಕಡೆ ನೋಡುತ್ತಿದ್ದಾನೆ. ಚೌಕಿಗೆ ಹೋಗಿ ಬಣ್ಣ ಒರೆಸಿಕೊಂಡು ಬಂದವರ ಮುಖ.

ಆ ಹೆಸರಿನ ಬಗ್ಗೆಯೂ ಒಂದು ಮಾತು. ಈ ಸಲವಾದರೂ ಹೆಸರಿಡಿ ಎಂದು ರೆಕಾರ್ಡ್ ಕಂಪನಿ ಹಟ ಹಿಡಿಯಿತು. ಅವರು ಎರಡಕ್ಷರದ, ಹೆಚ್ಚೇನೂ ಅರ್ಥವಿಲ್ಲದ ಒಂದು ಇಂಗ್ಲಿಷ್ ಪದ ಕೊಟ್ಟರು. ಕನ್ನಡದ ಕಿವಿಗೆ ಮಾತ್ರ ಅದಕ್ಕೊಂದು ಅರ್ಥ ತಾನಾಗಿಯೇ ಬರುತ್ತದೆ. ಸೋ ಎಂದು ಸುರಿಯುವ ಮಳೆ ನಮಗೆ ಗೊತ್ತು, ಅಲ್ವಾ? ಆಲ್ಬಮ್ಮಿನ ಮೊದಲ ಹಾಡು 'ರೆಡ್ ರೈನ್', ಕೆಂಪು ಮಳೆ. ಹಾಡು ಶುರುವಾಗುವುದೇ ಹೈ-ಹ್ಯಾಟ್ ತಾಳಗಳ ಮೇಲೆ ಚಿಟಪಟ ಬೀಳುವ ಕಡ್ಡಿಯಿಂದ. ಈ ಹಾಡಿನಲ್ಲಿ ಹೈ-ಹ್ಯಾಟ್ ಮಾತ್ರ ನುಡಿಸಲು 'ದ ಪೊಲೀಸ್' ಬ್ಯಾಂಡಿನ ಸ್ಟುವರ್ಟ್ ಕೋಪ್‌ಲ್ಯಾಂಡ್ ಬಂದಿದ್ದರು. ಆ ಹಾಡಿನ ಉಳಿದ ಡ್ರಮ್ಸ್ ಜೆರ್ರಿ ಮರೋಟಾ ಅವರದು. ಮಳೆ ಹನಿ ಬೀಳಿಸಲು ಬೇರೆ ಒಬ್ಬ ಮನುಷ್ಯ! ಇದು ದುಂದಲ್ಲ. ಕೋಪ್‌ಲ್ಯಾಂಡ್ ಅವರ ಹೈ-ಹ್ಯಾಟ್ ಕೇಳಿದವರಿಗೆ ಗೊತ್ತು, ಆ ಸಣ್ಣ ಸಣ್ಣ ಒತ್ತುಗಳು ಬೇರೆಯವರ ಕೈಯಲ್ಲಿ ಬರುವುದಿಲ್ಲ.

ಇಲ್ಲಿಗೆ ನನ್ನ ಉತ್ತರದ ತಿರುಳಿಗೆ ಬಂದೆವು. ಗೇಬ್ರಿಯಲ್ ಶೈಲಿಗಳನ್ನು ತರಲಿಲ್ಲ, ಜನರನ್ನು ಕರೆದರು. ಬಂದವರು ತಮ್ಮ ಸಂಗೀತವನ್ನು ಜೊತೆಗೇ ತಂದರು. ಹಾಗಾಗಿ ಯಾವುದೂ ಮೇಲೆ ಅಂಟಿಸಿದ ಹಾಗಿಲ್ಲ.

'ಸ್ಲೆಡ್ಜ್‌ಹ್ಯಾಮರ್' ತೆಗೆದುಕೊಳ್ಳಿ. ಸ್ವಲ್ಪ ಪೋಲಿ ಹಾಡು, 60ರ ದಶಕದ ಸೋಲ್ ಸಂಗೀತಕ್ಕೆ ಅವರು ಸಲ್ಲಿಸಿದ ಪ್ರೀತಿ. ಈ ಪ್ರೀತಿ ಹುಟ್ಟಿದ್ದು 1966ರಲ್ಲಿ. ಹದಿನಾರರ ಹುಡುಗ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿದ್ದ ರ‍್ಯಾಮ್ ಜ್ಯಾಮ್ ಕ್ಲಬ್ಬಿಗೆ ಹೋಗಿ ಅಮೆರಿಕದ ಸೋಲ್ ಹಾಡುಗಾರ ಓಟಿಸ್ ರೆಡಿಂಗ್ ಹಾಡುವುದನ್ನು ಕಂಡ. ಅದನ್ನು ಜನ್ಮದಲ್ಲಿ ಮರೆಯಲಿಲ್ಲ. ಇಪ್ಪತ್ತು ವರ್ಷದ ನಂತರ ಅಂಥದ್ದೇ ಹಾಡು ಬೇಕಾದಾಗ ಏನು ಮಾಡಬಹುದಿತ್ತು? ಟ್ರಂಪೆಟ್ಟಿನ ದನಿ ಕೀಬೋರ್ಡಿನಲ್ಲೇ ಸಿಗುತ್ತಿತ್ತು. ಅವರ ಹತ್ತಿರ ಫೇರ್‌ಲೈಟ್ ಇತ್ತು, ಇಮ್ಯುಲೇಟರ್ ಇತ್ತು, ಯಾವ ವಾದ್ಯದ ದನಿಯನ್ನಾದರೂ ಮುದ್ರಿಸಿಟ್ಟು ಕೀಬೋರ್ಡಿನಲ್ಲಿ ನುಡಿಸುವ ಆ ಕಾಲದ ದುಬಾರಿ ಯಂತ್ರಗಳು. ಅವರು ವೇಯ್ನ್ ಜಾಕ್ಸನ್ ಅವರನ್ನು ಕರೆದರು. ಮೆಂಫಿಸ್ ಹಾರ್ನ್ಸ್ ತಂಡದವರು, ಓಟಿಸ್ ರೆಡಿಂಗ್ ಅವರ ರೆಕಾರ್ಡುಗಳಲ್ಲೇ ಟ್ರಂಪೆಟ್ ಊದಿದವರು. ಆ ಊದು ಎದೆಗೆ ಗುದ್ದುವುದು ಅದಕ್ಕೇ.

ಹಾಗಂತ ಅವರು ಯಂತ್ರ ದೂರ ಇಟ್ಟವರಲ್ಲ. ಅದೇ ಹಾಡಿನ ಶುರುವಿನ ಕೊಳಲು ಕೇಳಿ. ಅದು ಶಾಕುಹಾಚಿ, ಜಪಾನಿನ ಬಿದಿರು ಕೊಳಲು. ನುಡಿಸಿದವರು ಯಾರೂ ಇಲ್ಲ, ಇಮ್ಯುಲೇಟರ್ ಕೀಬೋರ್ಡಿನ ಒಳಗಿದ್ದ ಸ್ಯಾಂಪಲ್, ಅಂದರೆ ಮೊದಲೇ ಮುದ್ರಿಸಿಟ್ಟ ದನಿಯ ತುಣುಕು. ಕೆಲವೇ ಸೆಕೆಂಡು ಬಂದು ಬಾಗಿಲು ತೆರೆದು ಹೋಗುತ್ತದೆ. ಬಾಗಿಲು ತೆರೆಯಲು ಸ್ಯಾಂಪಲ್ ಸಾಕು, ಮನೆಯೊಳಗೆ ಬಾಳುವುದಕ್ಕೆ ಮನುಷ್ಯರು ಬೇಕು. ಇದು ನನ್ನ ಅಭಿಪ್ರಾಯ, ನೀವು ಒಪ್ಪಲೇಬೇಕು ಅಂತಿಲ್ಲ.

ಆ ಹಾಡು ಹುಟ್ಟಿದ ರೀತಿಯೂ ಚೆನ್ನಾಗಿದೆ. ಸೆಷನ್ ಮುಗಿದಿತ್ತು. ವಾದಕರು ಹೊರಡಲು ಸಿದ್ಧರಾಗಿದ್ದರು. ಆಗ ಗೇಬ್ರಿಯಲ್, 'ಇನ್ನೊಂದು ಸಣ್ಣದಿದೆ, ಮುಂದಿನ ಆಲ್ಬಮ್ಮಿಗೆ ಇರಲಿ' ಎಂಬಂತೆ ಅವರನ್ನು ನಿಲ್ಲಿಸಿಕೊಂಡರು. ಡ್ರಮ್ಸಿಗೆ ಕೂತವರು ಮಾನು ಕಾಚೆ. ಫ್ರಾನ್ಸಿನವರು, ಐವರಿ ಕೋಸ್ಟ್ ಮೂಲದವರು. ಒಂದೇ ಟೇಕಿನಲ್ಲಿ ಬಾರಿಸಿ ಎದ್ದರು. ನಾಳೆ ಇನ್ನೊಂದು ಸಲ ಮಾಡೋಣ ಅಂದಿದ್ದರೆ ಆ ಕುಣಿತ ಸಿಗುತ್ತಿತ್ತೋ ಇಲ್ಲವೋ. ಅದರ ಕೆಳಗೆ ಟೋನಿ ಲೆವಿನ್ ಅವರ ಬೇಸ್ ಗಿಟಾರ್ ಇದೆ. ಫ್ರೆಟ್, ಅಂದರೆ ಸ್ವರದ ಜಾಗ ಗುರುತಿಸುವ ಪಟ್ಟಿ ಇಲ್ಲದ ಬೇಸನ್ನು ಪಿಕ್ ಹಿಡಿದು ಮೀಟಿದ್ದಾರೆ. ಸ್ವರದಿಂದ ಸ್ವರಕ್ಕೆ ಜಾರುವ ಜಾಗಗಳನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ. ನಿಮ್ಮ ಹಿಂದೂಸ್ತಾನಿ ಕಿವಿ ಅದನ್ನು ಮೀಂಡ್ ಅಂತಲೇ ಗುರುತಿಸುತ್ತದೆ.

ಈ ಲೆವಿನ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಆಲ್ಬಮ್ ಒಂದಾಗಿ ನಿಂತಿರುವುದಕ್ಕೆ ಅವರೊಂದು ದೊಡ್ಡ ಕಾರಣ. 1977ರ ಮೊದಲ ಸೋಲೋ ಆಲ್ಬಮ್ಮಿನಿಂದ ಅವರು ಗೇಬ್ರಿಯಲ್ ಜೊತೆ ಇದ್ದಾರೆ. 'ಸೋ'ದ ಹೆಚ್ಚಿನ ಹಾಡುಗಳ ತಳದಲ್ಲಿ ಅವರದೇ ಬೆರಳು. 'ಬಿಗ್ ಟೈಮ್' ಹಾಡಿನಲ್ಲಿ ಒಂದು ವಿಚಿತ್ರ ಕಟಕಟ ಬೇಸ್ ಕೇಳುತ್ತದಲ್ಲ? ಲೆವಿನ್ ಎಡಗೈಯಲ್ಲಿ ಸ್ವರ ಒತ್ತಿ ಹಿಡಿದಿದ್ದಾರೆ, ಮರೋಟಾ ಡ್ರಮ್ ಕಡ್ಡಿಗಳಿಂದ ಅದರ ತಂತಿಗಳ ಮೇಲೆ ಬಾರಿಸಿದ್ದಾರೆ. ಒಂದು ವಾದ್ಯ, ಇಬ್ಬರ ಕೈ. ಮುಂದೆ ಸ್ಟೇಜಿನಲ್ಲಿ ಅದನ್ನು ಒಬ್ಬರೇ ನುಡಿಸುವುದು ಹೇಗೆ ಅಂತ ಪ್ರಶ್ನೆ ಬಂತು. ಲೆವಿನ್ ತಮ್ಮ ಬೆರಳುಗಳಿಗೇ ತುಂಡು ಕಡ್ಡಿಗಳನ್ನು ಕಟ್ಟಿಕೊಂಡರು. ಅದಕ್ಕೆ ಫಂಕ್ ಫಿಂಗರ್ಸ್ ಅಂತ ಹೆಸರಾಯಿತು.

ನೋಡಿ, ಬೇಸ್ ಮುಖ್ಯವಾಗಿ ಒಬ್ಬರದು. ಗಿಟಾರೂ ಹಾಗೇ. ಡ್ರಮ್ಸ್ ಎರಡು-ಮೂರು ಜನರದು. ಧ್ವನಿ ಒಬ್ಬರದು. ಈ ನಾಲ್ಕು ಕಂಬ ಅಲುಗದೆ ನಿಂತಿರುವುದರಿಂದ ಮೇಲೆ ಯಾರು ಬಂದು ಕೂತರೂ ಮನೆ ಬದಲಾಗುವುದಿಲ್ಲ. ನಾನು ಹೇಳಿದ ಆ ಒಂಬತ್ತು ಹಾಡಿನ ಆಲ್ಬಮ್ಮಿನಲ್ಲಿ ಇದ್ದ ಕೊರತೆ ಇದೇ. ಪ್ರತಿ ಹಾಡಿಗೂ ಹೊಸದಾಗಿ ಅಡಿಪಾಯ ತೋಡಿದ್ದರು.

'ಡೋಂಟ್ ಗಿವ್ ಅಪ್' ಈ ಮಾತಿಗೆ ಇನ್ನೂ ಒಳ್ಳೆಯ ಉದಾಹರಣೆ. ಇದು ಕೆಲಸ ಕಳೆದುಕೊಂಡವನ ಹಾಡು. 1930ರ ದಶಕದ ಅಮೆರಿಕದಲ್ಲಿ ಡೊರೊಥಿಯಾ ಲ್ಯಾಂಗ್ ತೆಗೆದ ಬಡವರ ಫೋಟೋಗಳನ್ನು ಗೇಬ್ರಿಯಲ್ ನೋಡಿದ್ದರು. ಅವರ ಕಣ್ಣೆದುರಿನ ಬ್ರಿಟನ್ನಿನಲ್ಲಿ ಆಗ ಮೂವತ್ತು ಲಕ್ಷಕ್ಕೂ ಜಾಸ್ತಿ ಜನ ಕೆಲಸವಿಲ್ಲದೆ ಇದ್ದರು. ಗಂಡಸು ತನ್ನ ಸೋಲನ್ನು ಹೇಳುತ್ತಾನೆ, ಹೆಂಗಸು ಧೈರ್ಯ ತುಂಬುತ್ತಾಳೆ. ಹೆಣ್ಣುದನಿಗೆ ಮೊದಲು ಕೇಳಿದ್ದು ಅಮೆರಿಕದ ಹಳ್ಳಿಗಾಡಿನ ಹಾಡುಗಾರ್ತಿ ಡಾಲಿ ಪಾರ್ಟನ್ ಅವರನ್ನು. ಅವರು ಒಪ್ಪಲಿಲ್ಲ. ಆಮೇಲೆ ಇಂಗ್ಲೆಂಡಿನ ಹಾಡುಗಾರ್ತಿ ಕೇಟ್ ಬುಷ್ ಬಂದರು. ಎಷ್ಟು ಮೆಲ್ಲಗೆ ಹಾಡಿದ್ದಾರೆ ಎಂದರೆ ಪಕ್ಕದಲ್ಲಿ ಮಲಗಿದವರು ಕತ್ತಲಲ್ಲಿ ಮಾತಾಡಿದ ಹಾಗೆ. ನಡುವೆ ಒಂದು ಕಡೆ ಹಾಡು ಇದ್ದಕ್ಕಿದ್ದಂತೆ ಚರ್ಚಿನೊಳಗೆ ಹೋಗುತ್ತದೆ. ಪಿಯಾನೋ ಬೇರೆಯೇ ಭಾಷೆ ಮಾತಾಡುತ್ತದೆ. ನುಡಿಸಿದವರು ರಿಚರ್ಡ್ ಟೀ, ನ್ಯೂಯಾರ್ಕಿನ ಸ್ಟುಡಿಯೋಗಳ ಹೆಸರಾಂತ ಪಿಯಾನೋ ವಾದಕ, ಬೆರಳಲ್ಲಿ ಗಾಸ್ಪೆಲ್, ಅಂದರೆ ಅಮೆರಿಕದ ಚರ್ಚುಗಳ ಸಂಗೀತ ತುಂಬಿಕೊಂಡವರು. ಆ ಭಾಗ ಒಂದು ನಿಮಿಷವೂ ಇಲ್ಲ. ಯಾರೂ ಅಲ್ಲಿ 'ಈಗ ಗಾಸ್ಪೆಲ್ ಶೈಲಿ' ಅಂತ ಬೋರ್ಡ್ ಹಾಕಿಲ್ಲ. ಹಾಡಿನ ಮನುಷ್ಯನಿಗೆ ಆ ಹೊತ್ತಿಗೆ ಆ ನೆಮ್ಮದಿ ಬೇಕಿತ್ತು, ಬಂತು.

ನಿಮ್ಮ ಹಿಂದೂಸ್ತಾನಿಗೂ ಇದನ್ನೇ ಹೇಳುತ್ತೇನೆ. ಹಾಡಿನಲ್ಲಿರುವ ಮನುಷ್ಯನಿಗೆ ಯಾವ ಗಳಿಗೆಯಲ್ಲಿ ಆಲಾಪ ಬೇಕು? ಆ ಗಳಿಗೆ ಬರುವವರೆಗೆ ಕಾಯಿರಿ. ಬರದಿದ್ದರೆ ಬಿಟ್ಟುಬಿಡಿ.

ಈ ಆಲ್ಬಮ್ಮಿನಲ್ಲಿ ನಮ್ಮ ಕಡೆಯ ಒಬ್ಬರಿದ್ದಾರೆ, ಎಷ್ಟೋ ಜನಕ್ಕೆ ಗೊತ್ತಿಲ್ಲ. ಪಿಟೀಲಿನ ಎಲ್. ಶಂಕರ್. ಎಲ್. ಸುಬ್ರಮಣ್ಯಂ ಅವರ ತಮ್ಮ, ಜಾನ್ ಮೆಕ್‌ಲಾಕ್ಲಿನ್ ಮತ್ತು ಜಾಕಿರ್ ಹುಸೇನ್ ಜೊತೆ 'ಶಕ್ತಿ' ತಂಡದಲ್ಲಿದ್ದವರು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅವರ ಪ್ರಯೋಗದ ಮೇಲೆ ಒಂದು ಹಾಡಿದೆ. ಮೇಲಿನವರು ಹೇಳಿದರು ಎಂಬ ಒಂದೇ ಕಾರಣಕ್ಕೆ ಜನ ಇನ್ನೊಬ್ಬರಿಗೆ ಶಾಕ್ ಕೊಡಲು ಒಪ್ಪುತ್ತಾರಾ ಎಂದು ನೋಡಿದ ಪ್ರಯೋಗ ಅದು. ಆ ಹಾಡಿನಲ್ಲಿ ಶಂಕರ್ ಅವರ ಪಿಟೀಲಿದೆ. ಆದರೆ 'ಓ, ಇಂಡಿಯಾ ಬಂತು' ಅನಿಸುವುದಿಲ್ಲ. ಮಂಜಿನ ಹಾಗೆ ಹಿಂದೆ ಹರಡಿಕೊಂಡಿದೆ. ಇಷ್ಟು ದೊಡ್ಡ ಕರ್ನಾಟಕ ಸಂಗೀತಗಾರನನ್ನು ಕರೆದು, ರಾಗದ ಒಂದು ತುಣುಕನ್ನೂ ಮೆರೆಸದೆ, ನಾದವನ್ನು ಮಾತ್ರ ಕೇಳಿದ್ದಾರೆ. ಅದನ್ನು ಕೇಳುವುದಕ್ಕೂ ಧೈರ್ಯ ಬೇಕು, ಕೊಡುವುದಕ್ಕೂ ಬೇಕು.

ನನಗೆ ಇಡೀ ಆಲ್ಬಮ್ಮಿನಲ್ಲಿ ತುಂಬಾ ಹತ್ತಿರದ ಹಾಡು 'ಮರ್ಸಿ ಸ್ಟ್ರೀಟ್'. ಅಮೆರಿಕದ ಕವಯಿತ್ರಿ ಆ್ಯನ್ ಸೆಕ್ಸ್‌ಟನ್ ಅವರನ್ನು ನೆನೆದು ಬರೆದದ್ದು. ಕೆಳಗೆ ಮೆಲ್ಲಗೆ ಓಡುವ ತಾಳವಾದ್ಯಗಳು ಬ್ರೆಜಿಲ್ಲಿನ ಜಾಲ್ಮಾ ಕೊರೇಯಾ ಅವರವು, ರಿಯೊ ಡಿ ಜನೈರೊದಲ್ಲಿ ಮುದ್ರಿಸಿದ್ದು. ಅದರ ಮೇಲೆ ಗೇಬ್ರಿಯಲ್ ಒಂದೇ ಸಾಲನ್ನು ಎರಡು ಸಲ ಹಾಡಿದ್ದಾರೆ, ಒಂದು ಮಧ್ಯಸ್ಥಾಯಿಯಲ್ಲಿ, ಇನ್ನೊಂದು ಮಂದ್ರದಲ್ಲಿ. ಮಂದ್ರದ ದನಿ ಮೊದಲ ಸಲ ಕೇಳಿದಾಗ ಗೊತ್ತಾಗುವುದೇ ಇಲ್ಲ. ಯಾರೋ ಹಿಂದೆ ನಿಂತಿದ್ದಾರೆ ಅಂತ ಮಾತ್ರ ಅನಿಸುತ್ತದೆ. ಎರಡನೇ ಸಲ ಬೆನ್ನು ಚಳಿ ಹಿಡಿಯುತ್ತದೆ. ನಿಮ್ಮ ಮೈಕಿನ ಮುಂದೆ ಕೂತು ಇದನ್ನು ಇವತ್ತೇ ಮಾಡಿ ನೋಡಿ. ದುಡ್ಡು ಖರ್ಚಿಲ್ಲ. ಕೆಳಗಿನ ದನಿಯ ವಾಲ್ಯೂಮ್ ಮಾತ್ರ ತೀರಾ ಕಡಿಮೆ ಇರಲಿ.

ಆಮೇಲೆ 'ಇನ್ ಯುವರ್ ಐಸ್'. ಸೆನೆಗಲ್ ದೇಶದ ಯುಸೂ ಎನ್ದೂರ್ ಕೊನೆಯಲ್ಲಿ ತಮ್ಮ ವೊಲೊಫ್ ನುಡಿಯಲ್ಲಿ ದನಿ ಎತ್ತುತ್ತಾರೆ. ಆ ಕ್ಷಣಕ್ಕೆ ಹಾಡಿನ ಚಾವಣಿಯೇ ತೆರೆದುಕೊಳ್ಳುತ್ತದೆ. ಆಫ್ರಿಕಾದ ಎಷ್ಟೋ ಹಾಡುಗಳಲ್ಲಿ ಪ್ರೀತಿ ನಲ್ಲೆಯ ಮೇಲಿನದೋ ದೇವರ ಮೇಲಿನದೋ ಗೊತ್ತಾಗುವುದಿಲ್ಲ, ಅದು ತಮಗೆ ಹಿಡಿಸಿತು ಎಂದು ಗೇಬ್ರಿಯಲ್ ಹೇಳಿಕೊಂಡಿದ್ದಾರೆ. ಚೆನ್ನಮಲ್ಲಿಕಾರ್ಜುನನನ್ನು ಗಂಡ ಎಂದು ಕರೆದ ಅಕ್ಕಮಹಾದೇವಿಯ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದೇ ಹಾಡಿನಲ್ಲಿ ರಾನಿ ಬ್ರೈಟ್ ಎಂಬ ಅಮೆರಿಕದ ಹಳೆಯ ಹಾಡುಗಾರರ ಪಾತಾಳದಂಥ ದನಿಯೂ ಇದೆ, ಹುಡುಕಿ.

ಎನ್ದೂರ್ ಅವರನ್ನು ಬಳಸಿಕೊಂಡು ಬಿಟ್ಟರಾ ಎಂದು ಕೆಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಗೇಬ್ರಿಯಲ್ ತಮ್ಮ ಪ್ರವಾಸಕ್ಕೆ ಎನ್ದೂರ್ ಅವರನ್ನು ತಂಡದ ಸಮೇತ ಕರೆದುಕೊಂಡು ಹೋದರು. ದಿನಾ ತಮಗಿಂತ ಮೊದಲು ಅವರು ಹಾಡುತ್ತಿದ್ದರು. 1988ರ ಸೆಪ್ಟೆಂಬರಿನಲ್ಲಿ ಆಮ್ನೆಸ್ಟಿ ಸಂಸ್ಥೆಯ ಮಾನವ ಹಕ್ಕುಗಳ ಸಂಗೀತ ಪ್ರವಾಸ ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಮ್ಮಿಗೆ ಬಂದಾಗಲೂ ಇಬ್ಬರೂ ಇದ್ದರು. ಇನ್ನೂ ಹಿಂದೆ, 1982ರಲ್ಲೇ, ಬೇರೆ ಬೇರೆ ದೇಶದ ಸಂಗೀತಗಾರರಿಗಾಗಿ ವೋಮ್ಯಾಡ್ ಎಂಬ ಉತ್ಸವ ಶುರುಮಾಡಿ ಗೇಬ್ರಿಯಲ್ ಕೈ ಸುಟ್ಟುಕೊಂಡಿದ್ದರು. 'ಸೋ' ತಂದ ದುಡ್ಡಿನಲ್ಲಿ ಬಾಕ್ಸ್ ಎಂಬ ಹಳ್ಳಿಯಲ್ಲಿ ರಿಯಲ್ ವರ್ಲ್ಡ್ ಸ್ಟುಡಿಯೋ ಎದ್ದಿತು, 1989ರಲ್ಲಿ ಅದೇ ಹೆಸರಿನ ರೆಕಾರ್ಡ್ ಕಂಪನಿ. ನುಸ್ರತ್ ಫತೇ ಅಲಿ ಖಾನ್ ಅವರ ಕವ್ವಾಲಿ ಪಶ್ಚಿಮದ ಮನೆಮನೆಗೆ ಹೋದದ್ದು ಅಲ್ಲಿಂದ. ನಮ್ಮ ಮ್ಯಾಂಡೋಲಿನ್ ಯು. ಶ್ರೀನಿವಾಸ್ ಅವರ 'ಡ್ರೀಮ್' 1995ರಲ್ಲಿ ಬಂದದ್ದೂ ಅಲ್ಲಿಂದಲೇ. ಕರೆದು ಹಾಡಿಸಿದವರ ಜೊತೆ ಹಾಡು ಮುಗಿದ ಮೇಲೂ ನಂಟು ಇಟ್ಟುಕೊಂಡ ಮನುಷ್ಯ ಅಂತ ನನಗೆ ಅವರ ಮೇಲೆ ಗೌರವ.

ಎಲ್ಲವೂ ಸರಿಯಾಗಿ ಕೂತಿದೆ ಅಂತ ಹೇಳಲಾರೆ. ಅಮೆರಿಕದ ಕಲಾವಿದೆ ಲಾರಿ ಆ್ಯಂಡರ್ಸನ್ ಜೊತೆ ಮಾಡಿದ 'ದಿಸ್ ಈಸ್ ದ ಪಿಕ್ಚರ್' ನನಗೆ ಇವತ್ತಿಗೂ ಬೇರೆ ಮನೆಯ ಹಾಡು. ಅದು ಹುಟ್ಟಿದ್ದು 1984ರ ಹೊಸವರ್ಷದ ದಿನದ ಒಂದು ಟಿವಿ ಕಾರ್ಯಕ್ರಮಕ್ಕೆ. ಬೇಸ್ ಬೇರೆಯವರದು, ಗಿಟಾರ್ ಬೇರೆಯವರದು. ಕಂಬಗಳೇ ಬೇರೆ! ಮೂಲ ಎಲ್‌ಪಿಯಲ್ಲಿ ಅದು ಇರಲಿಲ್ಲ, ಸಿಡಿಗೆ ಸೇರಿಸಿದ್ದು. ಎಲ್‌ಪಿಯೇ ಸರಿ ಎನ್ನುವವರ ಜೊತೆ ನಾನು. 'ಬಿಗ್ ಟೈಮ್' ಕೂಡ ಸ್ವಲ್ಪ ಹಳತಾಗಿದೆ, ಆ ಹೊಳಪು 80ರ ದಶಕದ್ದು.

ಹಾಡುಗಳ ಸಾಲಿನ ಬಗ್ಗೆಯೂ ಯೋಚಿಸಿ. ಗೇಬ್ರಿಯಲ್ ಅವರಿಗೆ 'ಇನ್ ಯುವರ್ ಐಸ್' ಕೊನೆಯಲ್ಲಿ ಬರಬೇಕಿತ್ತು. ಎಲ್‌ಪಿಯಲ್ಲಿ ತಟ್ಟೆಯ ಒಳಗಡೆಗೆ ಹೋದ ಹಾಗೆ ಗೆರೆಗಳಿಗೆ ಜಾಗ ಕಡಿಮೆ, ಬೇಸ್ ಜಾಸ್ತಿ ಇರುವ ಹಾಡು ಅಲ್ಲಿ ಸೊರಗುತ್ತದೆ. ಹಾಗಾಗಿ ಎರಡನೇ ಬದಿಯ ಮೊದಲಿಗೆ ಹಾಕಿದರು. ಎಷ್ಟೋ ವರ್ಷದ ನಂತರದ ಸಿಡಿಗಳಲ್ಲಿ ಅದನ್ನು ಕೊನೆಗೆ ತಂದರು. ಈಗ ನಮಗೆ ಆ ಅಡ್ಡಿ ಇಲ್ಲ. ಆದರೂ ಆ ಎಲ್‌ಪಿಯಲ್ಲಿ ಇದ್ದದ್ದು ಎಂಟೇ ಹಾಡು ಅನ್ನೋದನ್ನು ಮರೆಯಬೇಡಿ. ನೀವು ಹದಿನಾಲ್ಕು ಮಾಡಲು ಹೊರಟಿದ್ದರೆ ಇವತ್ತೇ ಆರನ್ನು ತೆಗೆಯಿರಿ.

ತೆಗೆಯುವುದಕ್ಕೆ ನಿಮ್ಮಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಒಬ್ಬ ಲನ್ವಾ ಬೇಕು. ಗೇಬ್ರಿಯಲ್ ಸಾಹಿತ್ಯ ಬರೆಯುವುದರಲ್ಲಿ ತೀರಾ ನಿಧಾನ. ಟ್ಯೂನ್ ಇರುತ್ತದೆ, ತಾಳ ಇರುತ್ತದೆ, ಮಾತು ಇರುವುದಿಲ್ಲ, ಅರ್ಥವಿಲ್ಲದ ಶಬ್ದ ಹಾಡಿಕೊಂಡು ತಿಂಗಳುಗಟ್ಟಲೆ ತಳ್ಳುತ್ತಿದ್ದರು. ಒಂದು ದಿನ ಲನ್ವಾ ತಾಳ್ಮೆ ಕಳೆದುಕೊಂಡರು. ಗೇಬ್ರಿಯಲ್ ಬರೆಯಲು ಕೂತಿದ್ದ ಕೋಣೆಯ ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆದುಬಿಟ್ಟರು. ಬರೆದು ಮುಗಿಸಿ, ಆಮೇಲೆ ಹೊರಗೆ ಬನ್ನಿ ಅಂತ. ಗೇಬ್ರಿಯಲ್ ಸಿಟ್ಟಾದರು, ಆದರೂ ಅವರ ಜೊತೆ ಕೆಲಸ ಬಿಡಲಿಲ್ಲ. 1992ರ 'ಅಸ್' ಆಲ್ಬಮ್ಮನ್ನೂ ಇಬ್ಬರೂ ಸೇರಿಯೇ ಮಾಡಿದರು. ನಿಮಗೆ ಮೊಳೆ ಹೊಡೆಯುವ ಹಕ್ಕು ಯಾರಿಗಿದೆ? ಬ್ಯಾಂಡಿನಲ್ಲಿ ನಾಲ್ವರು ಜಗಳವಾಡಿ ಕೆಟ್ಟದ್ದನ್ನು ತಡೆಯುತ್ತಾರೆ. ಸೋಲೋ ಅಂದಾಗ ಆ ಜಗಳವೇ ಇರುವುದಿಲ್ಲ. ಒಂದು ಬುದ್ಧಿವಂತ ತಲೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಬೇಡ ಅನ್ನುವ ಅಧಿಕಾರವನ್ನು ಅವರಿಗೆ ಕೊಟ್ಟುಬಿಡಿ.

ಇನ್ನು ಡೊಳ್ಳು. ದಯವಿಟ್ಟು ಸ್ಯಾಂಪಲ್ ಪ್ಯಾಕ್ ಕೊಳ್ಳಬೇಡಿ. ನಿಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಬೀರಪ್ಪನ ಗುಡಿಯ ಮುಂದೆ ಡೊಳ್ಳು ಬಾರಿಸುವ ಕೈಗಳಿವೆ. ಒಬ್ಬರನ್ನು ಕರೆಯಿರಿ. ನಿಮ್ಮ ಹಾಡು ಕೇಳಿಸಿ 'ಇದಕ್ಕೆ ಬಾರಿಸಿ' ಅನ್ನಬೇಡಿ. ಅವರ ಪೆಟ್ಟನ್ನು ಮೊದಲು ಮುದ್ರಿಸಿಕೊಳ್ಳಿ, ಅದರ ಮೇಲೆ ಹಾಡು ಕಟ್ಟಿ. ಗೇಬ್ರಿಯಲ್ 80ರ ದಶಕದ ಮೊದಲಿಂದ ಮಾಡುತ್ತಾ ಬಂದದ್ದು ಇದನ್ನೇ, ಮೊದಲು ಲಯ, ಆಮೇಲೆ ಸ್ವರ, ಕೊನೆಗೆ ಮಾತು. ಬಾರಿಸಿದವರಿಗೆ ಸರಿಯಾಗಿ ಸಂಭಾವನೆ ಕೊಡಿ, ಆಲ್ಬಮ್ಮಿನ ಮೇಲೆ ಅವರ ಹೆಸರು ಹಾಕಿ. ನಮ್ಮಲ್ಲೇ ರಘು ದೀಕ್ಷಿತ್ ಅವರು 'ಅಂತರಾಗ್ನಿ' ಬ್ಯಾಂಡ್ ಆದಮೇಲೆ 2008ರಲ್ಲಿ ತಮ್ಮ ಹೆಸರಿನ ಆಲ್ಬಮ್ ತಂದಾಗ ಶಿಶುನಾಳ ಶರೀಫರ ಪದಗಳನ್ನು ಗಿಟಾರಿಗೆ ಕೂರಿಸಿದರಲ್ಲ, ಅದು ನಿಂತದ್ದೂ ಆ ಪದಗಳ ಲಯವನ್ನು ನೆಚ್ಚಿಕೊಂಡಿದ್ದರಿಂದ ಅಂತ ನನ್ನ ಭಾವನೆ.

ಕೊನೆಗೆ ಗೆಳೆತನದ ಪ್ರಶ್ನೆ. ಇದಕ್ಕೆ ನಾನು ಕೊಡಬಹುದಾದದ್ದು ಅವರದೇ ಕಥೆ. ಬ್ಯಾಂಡ್ ಬಿಟ್ಟ ಐದು ವರ್ಷಕ್ಕೆ, 1980ರ ಆಲ್ಬಮ್ಮಿನ ಕೆಲವು ಹಾಡುಗಳಲ್ಲಿ ಗೇಬ್ರಿಯಲ್ ಹಿಂದೆ ಕೂತು ಡ್ರಮ್ಸ್ ಬಾರಿಸಿದವರು ಅವರ ಜಾಗಕ್ಕೆ ಬಂದಿದ್ದ ಅದೇ ಫಿಲ್ ಕಾಲಿನ್ಸ್. ಸಿಂಬಲ್ ಬೇಡ ಎಂದು ಗೇಬ್ರಿಯಲ್ ಹಟ ಹಿಡಿದರು, ಕಾಲಿನ್ಸ್ ಒಪ್ಪಿದರು. ಆ ಸೆಷನ್ನಿನಲ್ಲಿ ಸಿಕ್ಕ ಗುಡುಗಿನಂಥ ಡ್ರಮ್ ದನಿ ಇಡೀ ದಶಕಕ್ಕೆ ಹಬ್ಬಿತು. 1982ರಲ್ಲಿ ವೋಮ್ಯಾಡ್ ಉತ್ಸವದ ಸಾಲ ತಲೆ ಮೇಲೆ ಬಿದ್ದಾಗ ಹಳೆಯ ಬ್ಯಾಂಡೇ ನೆರವಿಗೆ ಬಂತು. ಅಕ್ಟೋಬರ್ 2ರಂದು ಮಿಲ್ಟನ್ ಕೀನ್ಸ್‌ನಲ್ಲಿ ಎಲ್ಲರೂ ಒಟ್ಟಿಗೆ ನಿಂತು ಒಂದೇ ಒಂದು ಕಾರ್ಯಕ್ರಮ ಕೊಟ್ಟರು. ಧಾರಾಕಾರ ಮಳೆ. ಗೇಬ್ರಿಯಲ್ ಅವರನ್ನು ಶವಪೆಟ್ಟಿಗೆಯಲ್ಲಿ ಹೊತ್ತು ಸ್ಟೇಜಿಗೆ ತಂದರು, ಅವರು ಅದರೊಳಗಿಂದ ಎದ್ದು ಹಾಡಿದರು. 1986ರ ಜುಲೈನಲ್ಲಿ 'ಸ್ಲೆಡ್ಜ್‌ಹ್ಯಾಮರ್' ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದು ಕೆಳಗಿಳಿಸಿದ ಹಾಡು ಜೆನೆಸಿಸ್‌ನದೇ. ಅದಾದ ಮೇಲೂ ಮಾತು ಬಿಡಲಿಲ್ಲ. 2022ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಜೆನೆಸಿಸ್ ಕೊನೆಯ ಸಲ ಹಾಡಿತು. ಕಾಲಿನ್ಸ್ ಕುರ್ಚಿಯಲ್ಲಿ ಕೂತೇ ಹಾಡಬೇಕಾಗಿತ್ತು, ಆರೋಗ್ಯ ಅಷ್ಟು ಕೆಟ್ಟಿತ್ತು. ಆ ರಾತ್ರಿ ಗೇಬ್ರಿಯಲ್ ಜನರ ನಡುವೆ ಕೂತು ನೋಡಿದರು.

ಬಿಡುವ ವಿಷಯ ನಿಮ್ಮ ಬ್ಯಾಂಡಿನವರಿಗೆ ಬೇರೆಯವರಿಂದ ಗೊತ್ತಾಗದಿರಲಿ. ಈ ವಾರವೇ ಎಲ್ಲರನ್ನೂ ಮನೆಗೆ ಊಟಕ್ಕೆ ಕರೆಯಿರಿ. ನೀವೇ ಹೇಳಿ. ಮತ್ತೆ ನಿಮ್ಮ ಡ್ರಮ್ಮರನ್ನು ಕೇಳಿ, ಹೊಸ ಆಲ್ಬಮ್ಮಿನಲ್ಲಿ ಎರಡು ಹಾಡಿಗೆ ಬಾರಿಸುತ್ತೀಯಾ ಅಂತ.